ಅಂತೆ, ಕಂತೆ ಮತ್ತು ಅತ್ತೆ

ನಾನು ಮನೆಗೆ ಏನೇ ತಂದರೂ ನನ್ನ ಹೆಂಡತಿ ಮೊದಲು "ಇದು ಯಾಕೆ?" ಎಂದು ಕೇಳುತ್ತಾಳೆ. "ಇದು ಏನು?" ಎಂಬುದು ಆಮೇಲಿನ ಪ್ರಶ್ನೆ. ಲೋಕದಲ್ಲಿ ಉಳಿದವರೆಲ್ಲ ಇದನ್ನು ತಿರುವುಮುರುವಾಗಿ ಕೇಳುತ್ತಾರೆ. ಅವರ ಗಂಡಂದಿರು ಪುಣ್ಯವಂತರು.

ಆದ್ದರಿಂದ ಈ ಸಲ ನಾನು ಕಣ್ಣಿಗೇ ಕಾಣದ ವಸ್ತುವೊಂದನ್ನು ಕೊಂಡೆ. ಡಬ್ಬಿಯಿಲ್ಲ, ಚೀಲವಿಲ್ಲ, ಬಾಗಿಲಿಗೆ ಬಂದು ಬೆಲ್ ಒತ್ತುವವರಿಲ್ಲ. ಹಳೆಯ ಕಂಪ್ಯೂಟರ್ ಆಟಗಳ ಒಂದು ಕಂತೆ. ತಂತಿಯೊಳಗಿಂದ ಸದ್ದಿಲ್ಲದೆ ಬಂದು ನನ್ನ ಕಂಪ್ಯೂಟರಿನಲ್ಲಿ ಕೂತಿತು. ಇಂಥ ಪರಿಪೂರ್ಣ ಗುಪ್ತ ಕಾರ್ಯಾಚರಣೆಯನ್ನು ಹಾಳುಮಾಡಿದ್ದು ಬ್ಯಾಂಕಿನವರು. ಖರ್ಚಿನ ಸಂದೇಶ ನೇರವಾಗಿ ಅವಳ ಫೋನಿಗೆ ಹೋಯಿತು. (ಖಾತೆ ಜಂಟಿ. ಬೈಗುಳ ಮಾತ್ರ ನನ್ನೊಬ್ಬನ ಹೆಸರಿನಲ್ಲಿ.)

"ರೀ, ಇದು ಯಾಕೆ?"

"ಯಾವುದು?"

"ಆಟಗಳ ಕಂತೆ ಅಂತ ಬಂದಿದೆಯಲ್ಲ."

"ಓ, ಅದಾ! ನಮ್ಮ ಕಾಲದ ಕಂಪ್ಯೂಟರ್ ಆಟಗಳು ಕಣೇ. ಎಲ್ಲಾ ಒಟ್ಟಿಗೆ ಕಟ್ಟಿ ಕೊಡ್ತಿದಾರೆ. ನೂರರ ಹತ್ತಿರ ಇವೆ."

"ಅದರಲ್ಲಿ ನಿಮಗೆ ಬೇಕಾಗಿದ್ದು ಎಷ್ಟು?"

ವಕೀಲರಾಗಬೇಕಾದವರು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರೆ ಹೀಗೇ ಆಗುವುದು. ನಾನು ಕೆಮ್ಮಿದೆ. "ಒಂದು," ಅಂದೆ.

"ಒಂದಾ!"

"ಪೂರ್ತಿ ಕೇಳು. ಕಾರಿನ ಪಂದ್ಯದ ಆಟ ಅದು. ಕೆಲಸಕ್ಕೆ ಸೇರೋ ಮೊದಲು ಅದನ್ನ ಆಡ್ತಾ ಆಡ್ತಾ ಊಟ ಮರೀತಿದ್ದೆ. ಅದೊಂದನ್ನೇ ಕೊಂಡರೂ ಹೆಚ್ಚುಕಡಿಮೆ ಇದೇ ಬೆಲೆ. ಅಂದರೆ ಏನಾಯ್ತು? ಉಳಿದವೆಲ್ಲ ಬಿಟ್ಟಿ!"

"ನಮ್ಮ ಅಂಗಡೀಲಿ ಅವಧಿ ಮುಗಿಯೋಕೆ ಬಂದ ಔಷಧಿಗಳನ್ನ ಹೀಗೇ ಕಂತೆ ಕಟ್ಟಿ ಇಡ್ಲಾ? ತಲೆನೋವಿನ ಮಾತ್ರೆ ಜೊತೆ ಹೊಟ್ಟೆಹುಳದ್ದು ಬಿಟ್ಟಿ ಅಂದ್ರೆ ನುಂಗ್ತೀರಾ?"

"ಆಟಗಳಿಗೆ ಅವಧಿ ಅನ್ನೋದು ಇಲ್ಲ."

"ಆಡೋರಿಗೆ ಇರುತ್ತಲ್ಲ."

ಅವಳು ನನ್ನ ಹೊಟ್ಟೆಯ ಕಡೆ ನೋಡಿದಳು. ನಾನು ಉಸಿರು ಎಳೆದುಕೊಂಡು ಅದನ್ನು ಅಡಗಿಸಿಟ್ಟೆ. "ಈ ಕಂತೆಗೆ ಭಾರೀ ಹೆಸರಿದೆಯಂತೆ. ಬಿಡಿಬಿಡಿಯಾಗಿ ಕೆಲವು ಎಲ್ಲೂ ಸಿಗೋದೇ ಇಲ್ಲವಂತೆ. ಮುಂದಿನ ವಾರ ಬೆಲೆ ಏರುತ್ತಂತೆ."

"ಅಂತೆ, ಅಂತೆ, ಅಂತೆ," ಅಂದಳು ಅವಳು. "ಅದನ್ನೆಲ್ಲ ಸೇರಿಸಿ ಕಟ್ಟಿದ್ದಕ್ಕೇ ಕಂತೆ ಅನ್ನೋದು."

ಅವಳ ಮುಂದೆ ನನ್ನ ಮಾನ ಉಳಿಯಬೇಕಾದರೆ ಕಂತೆ ಗೆಲ್ಲಬೇಕಿತ್ತು. ಮಾರನೆಯ ದಿನ ಆಫೀಸಿನಿಂದ ಬಂದವನೇ (ಪೀಠೋಪಕರಣಗಳ ಗೋದಾಮಿನಲ್ಲಿ ಸರಕು ರವಾನೆ ನನ್ನ ಕೆಲಸ, ಇಡೀ ದಿನ ಬೇರೆಯವರ ಸೋಫಾ ನೋಡುತ್ತ ಸ್ಟೂಲಿನ ಮೇಲೆ ಕೂತಿರುತ್ತೇನೆ) ಕಾರಿನ ಆಟ ತೆರೆದೆ. ಸಂಗೀತ ಬಂತು. ಕೆಂಪು ಕಾರು ಬಂತು. ಯೌವನ ಬಂತು. ಬೆರಳು ಗುಂಡಿಯ ಮೇಲಿಟ್ಟೆ, 'ಟಪ್' ಅಂದಿತು. ಕಾರು ಗೋಡೆಯಲ್ಲಿತ್ತು.

ಮತ್ತೆ ಶುರುಮಾಡಿದೆ. ಮತ್ತೆ ಗೋಡೆ. ಆ ಆಟ ಮಾಡಿದ್ದು ಕುಂಟುತ್ತಿದ್ದ ಹಳೆಯ ಕಂಪ್ಯೂಟರುಗಳಿಗೆ. ಇಂದಿನ ಯಂತ್ರದಲ್ಲಿ ಹಾಕಿದರೆ ಹುಚ್ಚು ಹಿಡಿದ ಹಾಗೆ ಓಡುತ್ತದೆ. ಕಂತೆ ಕಟ್ಟಿದವರು ಬೇರೆ ಆಟಗಳಿಗೆ ಕಡಿವಾಣ ಹಾಕಿದ್ದರು. ನನ್ನ ಕಾರಿಗೆ ಮರೆತಿದ್ದರು. ನಾನು ಕಣ್ಣು ಪಿಳುಕಿಸುವಷ್ಟರಲ್ಲಿ ಉಳಿದ ಕಾರುಗಳು ಪಂದ್ಯ ಮುಗಿಸಿ, ಬಹುಮಾನ ತಗೊಂಡು ಮನೆಗೆ ಹೋಗಿರುತ್ತಿದ್ದವು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು: "ನಿಮಗೆ ಬೇಕಾಗಿದ್ದ ಒಂದು, ಅದೇನಾ?"

ಈ ಅವಮಾನದ ಬಿಸಿ ಆರುವ ಮೊದಲೇ ಅತ್ತೆ ಬಂದರು.

ಅತ್ತೆ ಬಂದರು ಅಂದ ಕೂಡಲೇ ನಗಬೇಡಿ. ಅವರು ಬಂದದ್ದು ನಗುವಂಥ ಕಾರಣಕ್ಕಲ್ಲ. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಅವರ ಬಲಗೈ ಮಣಿಕಟ್ಟು ಮುರಿದಿತ್ತು. ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ಮೂಳೆ ಕೂಡಿತ್ತು, ಬೆರಳುಗಳು ಮಾತ್ರ ಮರದ ಚಮಚಗಳ ಹಾಗೆ ನೆಟ್ಟಗೆ ನಿಂತಿದ್ದವು. ಮಡಚುತ್ತಿರಲಿಲ್ಲ. ಸ್ವೆಟರಿನ ಗುಂಡಿ ಹಾಕಿಕೊಳ್ಳಲು ಆಗದು, ತಲೆ ಬಾಚಿಕೊಳ್ಳಲು ಆಗದು, ಲೋಟ ಹಿಡಿಯಲು ಎಡಗೈಯೇ ಆಗಬೇಕು.

ನನ್ನ ಅತ್ತೆ ಅಂಥಿಂಥವರಲ್ಲ. ಕೆಲಸ ಬಿಡುವ ತನಕ ಟೈಪಿಂಗ್ ಟೀಚರು. ಅವರ ಕೈಯಲ್ಲಿ ಕಲಿತವರು ಕಣ್ಣು ಕಟ್ಟಿದರೂ ತಪ್ಪಿಲ್ಲದೆ ಹೊಡೆಯುತ್ತಿದ್ದರಂತೆ. (ಈ 'ಅಂತೆ'ಯನ್ನು ನಾನು ನಂಬುತ್ತೇನೆ.) ಮಾತಾಡುವಾಗ ಕೂಡ ಅವರ ಬೆರಳುಗಳು ಮಡಿಲ ಮೇಲೆ ತಮ್ಮ ಪಾಡಿಗೆ ಆ ಮಾತನ್ನು ಟೈಪ್ ಮಾಡುತ್ತಿದ್ದವು. ಈಗ ಮಡಿಲಲ್ಲಿ ಒಂದು ಕೈ ಸುಮ್ಮನೆ ಬಿದ್ದಿತ್ತು. ಅವರೂ ಸುಮ್ಮನಾಗಿಬಿಟ್ಟಿದ್ದರು.

ಫಿಸಿಯೋಥೆರಪಿ ಮಾಡುವ ಹುಡುಗಿ ಮನೆಗೆ ಬಂದು ಒಂದು ಮೆತ್ತನೆಯ ರಬ್ಬರ್ ಚೆಂಡು ಕೊಟ್ಟು, "ದಿನಾ ಹಿಸುಕಬೇಕು ಅಮ್ಮಾ," ಅಂದಳು.

"ಚೆಂಡು ಹಿಸುಕೋಕೆ ನಾನೇನು ತೊಟ್ಟಿಲ ಮಗುವಾ?" ಅಂದರು ಅತ್ತೆ.

ಚೆಂಡು ದಿಂಬಿನ ಕೆಳಗೆ ಹೋಯಿತು. ಹೆಂಡತಿ ಕೈಗೆ ಕೊಟ್ಟಾಗ ಒಂದೆರಡು ಸಲ ಹಿಸುಕಿದ ಹಾಗೆ ಮಾಡುತ್ತಿದ್ದರು. ಅವಳು ತಿರುಗಿದೊಡನೆ ಬಿಟ್ಟುಬಿಡುತ್ತಿದ್ದರು. ಹುಡುಗಿ ಹೊರಡುವಾಗ ಬಾಗಿಲ ಹತ್ತಿರ ನಮ್ಮಿಬ್ಬರಿಗೂ ಮೆಲ್ಲಗೆ ಹೇಳಿದಳು: "ಈಗ ಆಡಿಸದೇ ಇದ್ರೆ ಬೆರಳು ಹಾಗೇ ಉಳಿದುಬಿಡುತ್ತೆ. ಆಮೇಲೆ ಯಾರೇನು ಮಾಡಿದ್ರೂ ಕಷ್ಟ."

ಆ ಸಂಜೆ ಹೆಂಡತಿ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು. ಆಗಲೇ ತೊಳೆದಿದ್ದ ಪಾತ್ರೆಗಳು ಅವು. ನಾನು ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತು ಒರೆಸತೊಡಗಿದೆ. "ನನ್ನ ಅಮ್ಮ ರೀ," ಅಂದಳು. ನಾನು ಒರೆಸಿಟ್ಟ ಲೋಟವನ್ನೇ ಮತ್ತೆ ನೀರಿಗೆ ಹಿಡಿದಳು. ನಾನು ಅದನ್ನೇ ಮತ್ತೆ ಒರೆಸಿದೆ. ಅದೊಂದು ಸಂಜೆ ನಮ್ಮ ಮನೆಯಲ್ಲಿ ಜಗಳ ಆಗಲಿಲ್ಲ; ಆಗಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅತ್ತೆಗೆ ಕೊಟ್ಟಿದ್ದು ಕಂಪ್ಯೂಟರ್ ಇದ್ದ ಕೋಣೆ. ನಮ್ಮಲ್ಲಿ ಬೇರೆ ಕೋಣೆಯಿಲ್ಲ. ಹೆಂಡತಿಯ ಕಟ್ಟಪ್ಪಣೆ ಹೊರಟಿತ್ತು: "ಅಮ್ಮ ಮಲಗಿದ್ದಾಗ ಅಲ್ಲಿ ಟಪ್ಪು ಟುಪ್ಪು ಅಂದ್ರೆ ನಿಮ್ಮ ಕಂತೇನೂ ನಿಮ್ಮನ್ನೂ ಒಟ್ಟಿಗೆ ಆಚೆ ಹಾಕ್ತೀನಿ." ಆದರೆ ರಜೆಯ ದಿನ ಮಧ್ಯಾಹ್ನ ಅವಳು ಅಂಗಡಿಗೆ ಹೋಗಿದ್ದಳು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಕಳ್ಳಬೆಕ್ಕಿನ ಹಾಗೆ ಕುರ್ಚಿ ಸರಿಸಿ ಕೂತೆ. ಬಿಟ್ಟಿ ಬಂದ ಆಟಗಳಲ್ಲಿ ಒಂದಾದರೂ ಉಪಯೋಗಕ್ಕೆ ಬಂದರೆ ಸಾಕು ಎಂದು ಒಂದೊಂದನ್ನೇ ತೆರೆದೆ. ಒಂದರಲ್ಲಿ ಕತ್ತಲು, ಬರೀ ಕತ್ತಲು. ಇನ್ನೊಂದರ ಮನುಷ್ಯರು ಇರುವೆಗಿಂತ ಸಣ್ಣವರು. ಮತ್ತೊಂದು ತೆರೆದರೆ, ಒಂದು ಪುಟ್ಟ ಊರು. ಆಕಾಶದಿಂದ ಇಂಗ್ಲಿಷ್ ಅಕ್ಷರಗಳು ಬೀಳುತ್ತವೆ. ಬಿದ್ದ ಅಕ್ಷರ ಮನೆಯೊಂದನ್ನು ಪುಡಿ ಮಾಡುತ್ತದೆ. ಅದು ಬೀಳುವ ಮೊದಲು ನಾವು ಅದೇ ಅಕ್ಷರ ಒತ್ತಿದರೆ ಗಾಳಿಯಲ್ಲೇ ಸಿಡಿದು ಹೋಗುತ್ತದೆ.

ನಾನು ಟೈಪ್ ಮಾಡುವುದು ಎರಡೇ ತೋರುಬೆರಳಲ್ಲಿ, ಕೋಳಿ ಕಾಳು ಹೆಕ್ಕುವ ಹಾಗೆ. ಮೊದಲು ಅಕ್ಷರವನ್ನು ಪರದೆಯಲ್ಲಿ ನೋಡಬೇಕು, ಆಮೇಲೆ ಕೀಲಿಮಣೆಯಲ್ಲಿ ಹುಡುಕಬೇಕು, ಸಿಕ್ಕಿತೆಂದು ಸಂತೋಷಪಡಬೇಕು, ಆಮೇಲೆ ಒತ್ತಬೇಕು. ಅಷ್ಟರಲ್ಲಿ ಊರಿನ ಶಾಲೆ ಬಿತ್ತು. ಆಸ್ಪತ್ರೆ ಬಿತ್ತು.

"ಅಯ್ಯೋ, ಆ ಬೆರಳಲ್ಲ!"

ನಾನು ಕುರ್ಚಿಯಿಂದ ಹಾರಿದೆ. ಅತ್ತೆ ಎದ್ದು ಕೂತಿದ್ದರು.

"ಪಿ ಗೆ ಕಿರುಬೆರಳು! ಯಾರು ರೀ ನಿಮಗೆ ಕಲಿಸಿದ್ದು?"

"ಯಾರೂ ಕಲಿಸಿಲ್ಲ ಅತ್ತೆ."

"ಗೊತ್ತಾಗುತ್ತೆ. ಸರೀರಿ ಆಚೆ."

ಅವರು ಬಂದು ಕೂತರು. ಎಡಗೈ ಕೀಲಿಮಣೆಯ ಮೇಲೆ ಇಟ್ಟರು. ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಎಡಗಡೆಯ ಅಕ್ಷರಗಳೆಲ್ಲ ಹುಟ್ಟಿದಲ್ಲೇ ಸತ್ತವು. ಬಲಗಡೆಯ ಅಕ್ಷರಗಳು ಮಾತ್ರ ನಿರಾತಂಕವಾಗಿ ಇಳಿದು ಊರು ಪುಡಿ ಮಾಡಿದವು.

"ನೋಡಿ," ಅಂದರು ಅತ್ತೆ, "ಎಡಗಡೆ ನನ್ನದು. ಬಲಗಡೆ ನೀವು ನೋಡ್ಕೊಳ್ಳಿ."

ಹೀಗೆ ನಾನು ನನ್ನ ಅತ್ತೆಯ ಬಲಗೈಯಾದೆ. ಬಲಗೈ ಬಂಟ ಅಂತ ಕೇಳಿದ್ದೀರಿ. ನಾನು ಅಕ್ಷರಶಃ ಅದೇ. ಇಂಥ ಪದವಿ ಯಾವ ಅಳಿಯನಿಗೂ ಬೇಡ.

"ಎಲ್! ಎಲ್ ಬಂತು!"

"ಹುಡುಕ್ತಿದೀನಿ..."

"ಅದು ಎಲ್ಲಿಗೂ ಓಡಿಹೋಗಲ್ಲ, ಯಾವಾಗಲೂ ಅಲ್ಲೇ ಇರುತ್ತೆ! ಕೆ ಪಕ್ಕದಲ್ಲಿ!"

"ಕೆ ಎಲ್ಲಿದೆ?"

"ಜೆ ಪಕ್ಕದಲ್ಲಿ! ಅಯ್ಯೋ, ಓ! ಮೇಲಿನ ಸಾಲು! ಅದು ಸೊನ್ನೆ ರೀ, ಓ ಅಲ್ಲ! ಹೋಯ್ತು, ಆ ಮನೇನೂ ಹೋಯ್ತು! ಎಷ್ಟು ಜನ ಇದ್ದರೋ ಪಾಪ!"

ಮತ್ತೆ ಶುರುಮಾಡಿದೆವು. ಮತ್ತೆ ಊರು ನೆಲಸಮ. ಮೂರನೆಯದೋ ನಾಲ್ಕನೆಯದೋ ಊರು ಮುಳುಗುತ್ತಿದ್ದಾಗ ಅತ್ತೆಗೆ ತಡೆಯಲಾಗಲಿಲ್ಲ. ಭುಜದಿಂದ ನನ್ನನ್ನು ಪಕ್ಕಕ್ಕೆ ತಳ್ಳಿ, "ನಿಮ್ಮ ಗಟ್ಟಿ ಕೈಗಿಂತ ನನ್ನ ಮುರಿದ ಕೈಯೇ ವಾಸಿ!" ಎಂದು ಬಲಗೈಯನ್ನು ಎತ್ತಿ ಕೀಲಿಮಣೆಯ ಮೇಲಿಟ್ಟರು.

ಜೆ ಬಿತ್ತು. ಅವರ ತೋರುಬೆರಳು ನಡುಗಿತು. ಮುಖ ಕಿವುಚಿದರು. ಬೆರಳು ಒಂದಿಷ್ಟು ಬಾಗಿತು. 'ಢಂ!' ಅಕ್ಷರ ಸಿಡಿಯಿತು. ಅತ್ತೆ ಆ ಬೆರಳನ್ನೇ ನೋಡಿದರು, ಬಹಳ ದಿನದ ಮೇಲೆ ಮನೆಗೆ ಬಂದವರನ್ನು ನೋಡುವ ಹಾಗೆ. ಅಷ್ಟರಲ್ಲಿ ಪಿ ಬಿದ್ದು ಊರಿನ ಕೊನೆಯ ಮನೆ ಹೋಯಿತು.

"ಇನ್ನೊಂದು ಸಲ ಹಾಕಿ," ಅಂದರು.

ಅಂದಿನಿಂದ ಅದೇ ನಡೆಯಿತು. ನನ್ನ ಪಾತ್ರ ದಿನದಿನಕ್ಕೆ ಕುಗ್ಗಿತು. ಮೊದಲು ಬಲಗಡೆ ಪೂರ್ತಿ ನನ್ನದಿತ್ತು. ಆಮೇಲೆ ಜೆ ಹೋಯಿತು, ಕೆ ಹೋಯಿತು. ಕೊನೆಗೆ ನನ್ನ ಪಾಲಿಗೆ ಉಳಿದದ್ದು ಪಿ ಒಂದೇ. ಅದನ್ನೂ ನಾನು ತಪ್ಪಿಸುತ್ತಿದ್ದೆ. ನೋವಾದರೆ ಅತ್ತೆ ಕೈಯನ್ನು ಬಿಸಿನೀರಿಗೆ ಇಳಿಸಿ, "ಆ ಊರಿನವರಿಗೆ ಸ್ವಲ್ಪ ಕಾಯೋಕೆ ಹೇಳಿ," ಅನ್ನುತ್ತಿದ್ದರು.

ಒಂದು ಸಂಜೆ ಹೆಂಡತಿ ಎಂದಿಗಿಂತ ಬೇಗ ಬಂದಳು. ಕೋಣೆಯೊಳಗಿಂದ ಢಂ ಢಂ ಎಂಬ ಸದ್ದು. ಚಪ್ಪಲಿ ಕೂಡ ಬಿಡದೆ ನುಗ್ಗಿದಳು. "ಎಷ್ಟು ಸಲ ಹೇಳಿದೀನಿ ರೀ! ಕೈ ಮುರ್ಕೊಂಡು ಮಲಗಿರೋರ ಪಕ್ಕದಲ್ಲಿ ನಿಮಗೆ ನಾಚಿಕೆ..."

ಮಾತು ಅಲ್ಲೇ ನಿಂತಿತು. ನಾನು ಮಂಚದ ತುದಿಯಲ್ಲಿ ಕೂತು ಗಲ್ಲಿಗೆ ಹೊರಟವನ ಮುಖ ಹೊತ್ತಿದ್ದೆ. ಕುರ್ಚಿಯಲ್ಲಿ ಅವಳಮ್ಮ.

"ಸುಮ್ಮನಿರೇ, ಊರು ಹೋಗುತ್ತೆ!" ಅಂದರು ಅತ್ತೆ, ತಿರುಗಿಯೂ ನೋಡದೆ.

ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ಆ ಬಲಗೈಯನ್ನೇ ನೋಡುತ್ತ ನಿಂತಳು. ಆಟ ಮುಗಿದ ಮೇಲೆ ಅತ್ತೆ ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡರು. "ಏನೇ ಇದು ಅವತಾರ, ತಲೆ ಕೆದರಿಕೊಂಡು," ಎಂದು ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದರು. ನಿಧಾನವಾಗಿ, ನಡುನಡುವೆ ನಿಲ್ಲಿಸುತ್ತ, ಎರಡೂ ಕೈಯಲ್ಲಿ. ಜಡೆ ಸೊಟ್ಟಗೆ ಬಂತು. ಆ ಸೊಟ್ಟ ಜಡೆಯನ್ನು ಮಾರನೆಯ ದಿನ ಅವಳು ಬಿಚ್ಚದೆ ಹಾಗೇ ಅಂಗಡಿಗೆ ಹಾಕಿಕೊಂಡು ಹೋದಳು.

ಫಿಸಿಯೋಥೆರಪಿ ಹುಡುಗಿ ಬಂದು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ ಕಣ್ಣರಳಿಸಿದಳು. "ಅಮ್ಮಾ, ಏನು ವ್ಯಾಯಾಮ ಮಾಡ್ತಿದೀರಿ?"

"ಊರು ಕಾಯ್ತಿದೀನಿ," ಅಂದರು ಅತ್ತೆ.

ವಿಷಯ ತಿಳಿದು ಅವಳು ನಕ್ಕಳು. "ನೋವು ಜಾಸ್ತಿ ಆಗದ ಹಾಗೆ ಧಾರಾಳವಾಗಿ ಕಾಯಿರಿ. ಇನ್ನು ಮುಷ್ಟಿ ಒಂದು ಗಟ್ಟಿಯಾಗಿ ಮುಚ್ಚಿದ್ರೆ ಎಲ್ಲಾ ಗೆದ್ದ ಹಾಗೆ."

ಅವಳು ಹೋದ ಮೇಲೆ ನಾನು ನಡುಮನೆಯಲ್ಲಿ ಎದೆ ಸೆಟೆಸಿ ನಿಂತೆ. "ಈಗ ಹೇಳು, ನನ್ನ ಕಂತೆಗೆ ಬೆಲೆ ಇದೆಯೋ ಇಲ್ಲವೋ?"

"ಇದೆ ರೀ," ಅಂದಳು ಹೆಂಡತಿ. ನಾನು ಕಿವಿ ಉಜ್ಜಿಕೊಂಡೆ. ನಮ್ಮ ದಾಂಪತ್ಯದಲ್ಲಿ ಇದು ಅಪರೂಪದ ದಾಖಲೆ. "ನಿಮಗೆ ಬೇಕಾಗಿದ್ದು ಕೆಲಸಕ್ಕೆ ಬರಲಿಲ್ಲ, ಬೇಡದ್ದು ಬಂತು. ಹೋಗಲಿ, ಬಂತಲ್ಲ. ಆದರೆ ಅಮ್ಮನಿಗೆ ಇನ್ನು ಆ ಆಟ ಸಾಕಾಗಿದೆಯಂತೆ."

"ಮತ್ತೆ?"

"ಒಬ್ಬ ಶಿಷ್ಯ ಬೇಕಂತೆ."

ನಗಬೇಡಿ. ಅಂದಿನಿಂದ ಆಫೀಸಿನಿಂದ ಬಂದು ಕೈಕಾಲು ತೊಳೆದ ಮೇಲೆ ನನಗೆ ಟೈಪಿಂಗ್ ತರಗತಿ. ಇಷ್ಟು ವಯಸ್ಸಾದ ಗೃಹಸ್ಥ, ಲಾರಿಗಟ್ಟಲೆ ಮಂಚ ಕುರ್ಚಿ ಸಾಗಿಸುವವನು, ನೋಡಬಾರದೆಂದು ಕೈಗಳ ಮೇಲೆ ಟವೆಲ್ ಹೊದೆಸಿಕೊಂಡು ಎ, ಎಸ್, ಡಿ, ಎಫ್ ಎಂದು ಒತ್ತುತ್ತ ಕೂರಬೇಕು. ಅತ್ತೆ ಹಿಂದೆ ನಿಂತಿರುತ್ತಾರೆ. ಕಲಿಸಲು ನಿಂತ ಕೂಡಲೇ ಅವರಿಗೆ ಅಳಿಯ, ಗೌರವ, ಸಂಕೋಚ ಎಲ್ಲ ಮರೆತುಹೋಗುತ್ತದೆ. "ನೀವು" ಕೂಡ "ನೀನು" ಆಗುತ್ತದೆ.

ಮೊನ್ನೆ ಟವೆಲಿನ ಅಂಚು ಎತ್ತಿ ಮೆಲ್ಲಗೆ ಇಣುಕಿದೆ. ಹೆಂಡತಿ ಬಾಗಿಲಿಂದಲೇ ಕೂಗಿದಳು: "ಅಮ್ಮಾ, ಅವರು ನೋಡ್ತಿದಾರೆ!"

"ನೋಡ್ತೀಯಾ? ನೋಡ್ತೀಯಾ?" ಅನ್ನುತ್ತ ಅತ್ತೆ ನನ್ನ ನೆತ್ತಿಗೆ 'ಠಣ್' ಅಂತ ಒಂದು ಮೊಟಕಿದರು.

ಅತ್ತೆ ನಾಲಿಗೆ ಕಚ್ಚಿಕೊಂಡರು. "ಅಯ್ಯೋ ದೇವರೇ! ಅಳಿಯಂದಿರೇ, ತಪ್ಪು ತಿಳ್ಕೋಬೇಡಿ, ಅಭ್ಯಾಸಬಲ..."

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಹೆಂಡತಿಯ ಕಣ್ಣಲ್ಲೂ ಬಂದಿತ್ತು, ಆದರೆ ಅವಳು ನೋಡುತ್ತಿದ್ದದ್ದು ನನ್ನ ತಲೆಯನ್ನಲ್ಲ.

"ಅಮ್ಮಾ, ಯಾವ ಕೈಯಲ್ಲಿ ಮೊಟಕಿದೆ?"

ಅತ್ತೆ ಕೈ ಎತ್ತಿ ನೋಡಿಕೊಂಡರು. ಬಲಗೈ. ನಾಲ್ಕೂ ಬೆರಳು ಅಂಗೈಗೆ ಅಂಟಿಕೊಂಡು, ಹೆಬ್ಬೆರಳು ಮೇಲೆ ಕೂತು, ಕಲ್ಲಿನಂಥ ಮುಷ್ಟಿ. ಎಷ್ಟು ಗಟ್ಟಿ ಅಂತ ನನ್ನ ನೆತ್ತಿಯೇ ಸಾಕ್ಷಿ. ಅವರು ಅದನ್ನು ಬಿಚ್ಚಿದರು, ಮತ್ತೆ ಮುಚ್ಚಿದರು. ಅವರ ಮುಖವೆಲ್ಲ ನಗುವಾಯಿತು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಎದ್ದು ಹೋದಂತೆ ನಾನೂ ಉಸಿರುಬಿಟ್ಟು ತಲೆ ಸವರಿಕೊಂಡೆ.

ಹೆಂಡತಿ ಓಡಿಬಂದು ಎರಡೂ ಕೈಯಲ್ಲಿ ನನ್ನ ತಲೆಯನ್ನು ಹಿಡಿದು, ಅತ್ತೆಯ ಕಡೆಗೆ ಅನುಕೂಲವಾಗುವ ಹಾಗೆ ಬಗ್ಗಿಸಿದಳು.

"ಇನ್ನೊಂದು ಸಲ ಮೊಟಕಮ್ಮಾ," ಅಂದಳು, "ಸರಿಯಾಗಿ ನೋಡೋಣ."