ಸಮುದ್ರಕ್ಕೆ ರೆಡಿಯಾಗಿರುವ ದೊಡ್ಡಪ್ಪ

ಇಡೀ ಮಂಡ್ಯ ಜಿಲ್ಲೆಯಲ್ಲಿ ಸುನಾಮಿಗೆ ತಯಾರಾಗಿ ಕೂತಿರುವವರು ಒಬ್ಬರೇ, ನಮ್ಮ ದೊಡ್ಡಪ್ಪ! ಶ್ರೀರಂಗಪಟ್ಟಣದ ಪಕ್ಕದ ನಮ್ಮೂರಿಗೆ ಸಮುದ್ರ ಬರಬೇಕೆಂದರೆ ಘಟ್ಟ ಹತ್ತಿ, ಹಾಸನ ದಾಟಿ, ಕೆ.ಆರ್. ಪೇಟೆ ಹಾದು ಬರಬೇಕು. ಅಷ್ಟರಲ್ಲಿ ಅದಕ್ಕೇ ಸುಸ್ತಾಗಿರುತ್ತದೆ. ಇದನ್ನು ದೊಡ್ಡಪ್ಪನಿಗೆ ಹೇಳುವವರು ಯಾರು?

ಅವರ ತಲೆಗೆ ಈ ಹುಳ ಹೊಕ್ಕಿದ್ದು ಮಗಳು, ಅಂದರೆ ನಮ್ಮಕ್ಕ, ಹೊನ್ನಾವರದ ಕಡೆ ಕಡಲಂಚಿನ ಶಾಲೆಗೆ ಟೀಚರಾಗಿ ಹೋದ ಮೇಲೆ. ಅಕ್ಕನಿಗೆ ಈಜು ಬಾರದು, ನಾಲೆಗೆ ಕಾಲಿಡಲೂ ಹೆದರುತ್ತಿದ್ದವಳು. ದೊಡ್ಡಪ್ಪ ಮೊಬೈಲಿನಲ್ಲಿ ಸುನಾಮಿ ವಿಡಿಯೋಗಳನ್ನೆಲ್ಲ ನೋಡಿದರು. ದಡದ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದರೆ ನೋಡುತ್ತಾ ನಿಲ್ಲಬಾರದು, ಸಾಮಾನಿಗೆ ಆಸೆಪಡಬಾರದು, ಎತ್ತರದ ಜಾಗಕ್ಕೆ ಓಡಬೇಕು ಎಂದು ಸಂಜೆಯಾದರೆ ಫೋನಿನಲ್ಲಿ ಅವಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಒಂದಿನ ಅವಳು ಮೊದಲು ಚಪ್ಪಲಿ ಹಾಕಿಕೊಳ್ಳುತ್ತೇನೆ ಅಂದದ್ದಕ್ಕೆ ಊಟವನ್ನೇ ಬಿಟ್ಟರು.

ಒಂದು ಬೆಳಿಗ್ಗೆ ಗದ್ದೆಗೆ ಹೋದವರು ನೋಡುತ್ತಾರೆ, ನಾಲೆಯಲ್ಲಿ ನೀರೇ ಇಲ್ಲ! ಮನೆಗೆ ಓಡಿಬಂದು, ಮುದ್ದೆ ತಿರುವುತ್ತಿದ್ದ ದೊಡ್ಡಮ್ಮನನ್ನು ಎಳೆದುಕೊಂಡು ಊರ ಪಕ್ಕದ ಕರಿಘಟ್ಟ ಬೆಟ್ಟದ ಮೆಟ್ಟಿಲು ಹತ್ತಿಸಿಬಿಟ್ಟರು. ಇಳಿದು ಬಂದ ದೊಡ್ಡಮ್ಮ ಹೇಳಿದ್ದಿಷ್ಟೇ: "ಸಮುದ್ರ ಬರ್ನಿಲ್ಲ, ಮುದ್ದೆ ಸೀದೋಯ್ತು."

ಸರದಿ ಪ್ರಕಾರ ಗೇಟು ಮುಚ್ಚಿ ನಾಲೆಗೆ ನೀರು ನಿಲ್ಲಿಸುತ್ತಾರಲ್ಲ, ನಮ್ಮ ಕಡೆಯ ಕಟ್ಟು ನೀರು, ಇದೂ ಅದೇ ಎಂದು ನಾನು ಬಿಡಿಸಿ ಹೇಳಿದೆ. ಹುಟ್ಟಿದಾಗಿನಿಂದ ಕಟ್ಟು ನೀರಲ್ಲೇ ಭತ್ತ ಬೆಳೆದ ಮನುಷ್ಯನಿಗೆ ನಾನು ಹೇಳಬೇಕೇ? ಅದಕ್ಕವರು, "ಅಂಗಾದ್ರೆ ಸಮುದ್ರದ ಗೇಟು ಯಾರ ಕೈಲದೆ ಯೋಳ್ಲಾ?" ಅಂದರು. ಅಲ್ಲಿಂದ ಮುಂದೆ ನಾಲೆ ಬತ್ತಿದಾಗಲೆಲ್ಲ ದೊಡ್ಡಪ್ಪ ಬೆಟ್ಟದ ಮೇಲೆ, ನಾವು ಅವರ ಹಿಂದೆ.

ಹೋದ ತಿಂಗಳು ಮಧ್ಯಾಹ್ನ ಅಕ್ಕನ ಫೋನು ಬಂತು. ಸೈರನ್ ಕೂಗುತ್ತಿದೆ, ಏನು ಮಾಡಬೇಕೆಂದೇ ತೋಚುತ್ತಿಲ್ಲ ಎಂದು ಒಂದೇ ಸಮನೆ ಬಡಬಡಿಸುತ್ತಿದ್ದಳು. ದೊಡ್ಡಪ್ಪನ ದನಿ ಮಾತ್ರ ಒಂದು ಚೂರೂ ಅಲುಗಲಿಲ್ಲ. "ಬ್ಯಾಗು ಬುಡು ಮಗ. ಮಕ್ಕಳ ಕೈ ಇಡ್ಕೊ. ಗುಡ್ಡ ಅತ್ತು, ಫೋನ್ ಇಡಬ್ಯಾಡ."

ಹಾಗೆನ್ನುತ್ತಲೇ ಬಿಸಿಲಲ್ಲಿ ಬರಿಗಾಲಲ್ಲಿ ಕರಿಘಟ್ಟ ಹತ್ತತೊಡಗಿದರು. ನಾನು ಮೇಲೆ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಾ ಕೂತಿದ್ದರು. ಫೋನಿನಲ್ಲಿ ಮಕ್ಕಳ ಗಲಾಟೆ ಕೇಳುತ್ತಿತ್ತು. ಅದು ಬರೀ ಅಣಕು ತಾಲೀಮಂತೆ, ಎಲ್ಲರೂ ಕ್ಷೇಮವಂತೆ.

ನನಗೆ ಸಿಟ್ಟು ಬಂತು. ಅಕ್ಕ ಅಲ್ಲಿ ಗುಡ್ಡ ಹತ್ತಿದರೆ ನೀನ್ಯಾಕೆ ಇಲ್ಲಿ ಹತ್ತಬೇಕಿತ್ತು ಎಂದು ಕೇಳಿದೆ.

"ಚಿಕ್ಕೋಳಿಂದ್ಲೂ ಅವಳ್ಗೆ ಒಬ್ಳೇ ವೋಗಕ್ಕೆ ಭಯ ಕಣ್ಲಾ," ಅಂದರು ದೊಡ್ಡಪ್ಪ. "ಅದ್ಕೇ ಜೊತೇಲಿ ನಾನೂ ಅತ್ತಿದೆ."