ಬೆಂಕಿಗೆ ಮೊದಲೇ ಊಟ ಹಾಕಿದ ಮಾಮಾ

ಘಾಟ್ಕೋಪರ್‌ನ ನಮ್ಮ ಚಾಳಿನಲ್ಲಿ ಹಾಡುವವರು, ಜಗಳವಾಡುವವರು ಮನೆಗೊಬ್ಬರಿದ್ದರು. ಗುಡ್ಡಕ್ಕೆ ಬೆಂಕಿ ಹಚ್ಚುವವರು ಮಾತ್ರ ನಮ್ಮ ಮನೆಯಲ್ಲಷ್ಟೇ! ಅವರು ನನ್ನ ಸೋದರಮಾವ. ಹಳಿಯಾಳದ ಕಾಡಿನಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದು, ಪೆನ್ಶನ್ ಆದ ಮೇಲೆ ನಮ್ಮ ಒಂದೇ ಕೋಣೆಗೆ ಬಂದು ಸೇರಿದ್ದರು. ಅದು ಐವತ್ತರ ದಶಕ. ಚಾಳಿನ ಹಿಂದೆ ಗುಡ್ಡ, ಗುಡ್ಡದ ತುಂಬ ಎದೆಯೆತ್ತರದ ಹುಲ್ಲು. "ಎಷ್ಟು ಚೆಂದ!" ಎಂದು ಯಾರಾದರೂ ಅಂದರೆ ಸಾಕು, "ಒಣಗಲಿ, ಆಮ್ಯಾಲ ನೋಡ್ರಿ ಚೆಂದಾ" ಎನ್ನುತ್ತಿದ್ದರು.

ಡಿಸೆಂಬರ್ ಬಂತು, ಮಾಮಾನ ಕೈ ತುರಿಸತೊಡಗಿತು. ಚಾಳಿನ ಹಿಂದೆ ಉದ್ದಕ್ಕೂ ಒಂದು ಪಟ್ಟಿ ಹುಲ್ಲನ್ನು ಈಗಲೇ ಸುಟ್ಟುಬಿಡಬೇಕಂತೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ಬೆಂಕಿಗೆ ಅಲ್ಲಿ ತಿನ್ನಲು ಏನೂ ಸಿಗಬಾರದಂತೆ! ಅವ್ವ ಕಡ್ಡಿಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಿದಳು. ಮಾಮಾ ಪಕ್ಕದ ಮನೆಯ ಶೆಗಡಿ ಒಲೆಯಿಂದ ಕೆಂಡ ತಂದರು. ಇಬ್ಬನಿ ಪೂರ್ತಿ ಆರುವ ಮೊದಲು, ಗಾಳಿ ನಿಂತಿರುವುದನ್ನು ನೋಡಿ, ಕೋಲಿನಿಂದ ಹುಲ್ಲು ಬಡಿಯುತ್ತ ಕೂಗಿದರು: "ಏಳ್ರೆಪಾ, ಮಕ್ಕಳು ಮರಿ ಕರಕೊಂಡು ಹೊಂಡ್ರಿ!" ಮೊಲ, ಹಾವು, ಇಲಿಗಳಿಗೆ ನೋಟಿಸು! ಅಷ್ಟು ಮರ್ಯಾದೆಯಿಂದ ನಮ್ಮನ್ನು ಎಂದಾದರೂ ಎಬ್ಬಿಸಿದ್ದರೇ?

ಪಟ್ಟಿ ಅಚ್ಚುಕಟ್ಟಾಗಿ ಸುಟ್ಟುಹೋಯಿತು. ಆದರೆ ಅದರ ಮಸಿ ಹಾರಿ ಕೂತದ್ದು ಎಲ್ಲಿ? ಚಾಳಿನ ಕಮಿಟಿ ಸೆಕ್ರೆಟರಿಯವರ ಬಿಳಿ ಪಂಚೆಗಳ ಮೇಲೆ! ಅವರು ಕೆಳಗೆ ಹೋಟೆಲ್ ಇಟ್ಟಿದ್ದ ಉಡುಪಿಯವರು.

"ಎಂಥ ಮಾರಾಯ್ರೇ ಇದು! ಗುಡ್ಡಕ್ಕೆ ಬೆಂಕಿ ಕೊಡುವುದಾ? ನಿಮ್ಮ ತಲೆ ಸರಿ ಉಂಟಾ?"

"ಬೆಂಕಿ ಬರೂದೇನ ಬಿಡಂಗಿಲ್ರಿ. ಕರೀದ ಬಂದು ಮನೀನ ತಿನ್ನೂಕಿಂತ, ನಾವ ಮೊದಲ ಕರದು ಊಟಾ ಹಾಕಿ ಕಳಿಸೂದು ಚಲೋ."

ಕಮಿಟಿ ಸೇರಿತು. ಮೇ ತಿಂಗಳೊಳಗೆ ನಾವು ಕೋಣೆ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು. ಮುಂಬಯಿಯಲ್ಲಿ ಇನ್ನೊಂದು ಕೋಣೆ ಎಲ್ಲಿ ಹುಡುಕುವುದು? ಅವ್ವ ಮಾಮಾನೊಡನೆ ಮಾತು ಬಿಟ್ಟಳು. ನಾನೂ ಬಿಟ್ಟೆ.

ಏಪ್ರಿಲ್‌ನ ಒಂದು ಮಧ್ಯಾಹ್ನ ಗುಡ್ಡದ ನೆತ್ತಿಯಲ್ಲಿ ಹೊಗೆ ಎದ್ದಿತು. ಬಿಸಿಗಾಳಿಗೆ ಬೆಂಕಿ ಸರಸರ ಇಳಿಯಿತು. ನಲ್ಲಿಯಲ್ಲಿ ಹನಿ ನೀರಿಲ್ಲ! ಮಕ್ಕಳನ್ನೂ ಮುದುಕರನ್ನೂ ರಸ್ತೆಗೆ ಸಾಗಿಸಿದೆವು. ಸೆಕ್ರೆಟರಿಯವರು ಖಾಲಿ ಬಕೆಟ್ ಹಿಡಿದು ಓಡಾಡುತ್ತಿದ್ದರು. ಮಾಮಾ ಮಾತ್ರ ಪಟ್ಟಿಯ ಪಕ್ಕದ ಬಂಡೆಯ ಮೇಲೆ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಬೆಂಕಿಯನ್ನೇ ನೋಡುತ್ತಿದ್ದರು.

ಬೆಂಕಿ ಪಟ್ಟಿಯವರೆಗೆ ಬಂತು. ಎಡಕ್ಕೆ ಹುಡುಕಿತು, ಬಲಕ್ಕೆ ಹುಡುಕಿತು. ಏನೂ ಸಿಗದೆ ಅಲ್ಲೇ ಕುಸಿದು ಆರಿತು!

ಚಾಳಿಗೆ ಚಾಳೇ ಕುಣಿಯಿತು. ಸೆಕ್ರೆಟರಿಯವರು ದೊಡ್ಡ ತಟ್ಟೆಯ ತುಂಬ ಜಿಲೇಬಿ ತರಿಸಿದರು. ಕಮಿಟಿ ನಿಂತಲ್ಲೇ ಠರಾವು ಮಾಡಿತು: ನಾವು ಕೋಣೆ ಬಿಡಬೇಕಿಲ್ಲ, ಪ್ರತಿ ಡಿಸೆಂಬರ್ ಮಾಮಾ ಹೇಳಿದ ದಿನ ಇಡೀ ಚಾಳು ಸೇರಿ ಪಟ್ಟಿ ಸುಡಬೇಕು, ಅಂದು ಯಾರೂ ಬಟ್ಟೆ ಒಣಹಾಕತಕ್ಕದ್ದಲ್ಲ!

ಗೆದ್ದವರನ್ನು ಕರೆತರಲು ನಾನು ಓಡಿದೆ. ಮಾಮಾ ಬಂಡೆಯ ಮೇಲೇ ಇದ್ದರು. ಮಡಿಲಲ್ಲಿದ್ದ ಎರಡೂ ಕೈ ಗಡಗಡ ನಡುಗುತ್ತಿದ್ದವು.

"ಮಾಮಾ, ಅಂಜಿಕಿ ಆತೇನು?"

"ಪಟ್ಟಿ ಇನ್ನೊಂದೀಟು ಅಗಲ ಸುಡಬೇಕಿತ್ತೋ ಏನೋ ಅಂತ... ನಿಮ್ಮ ಮನಿ ನನ್ನಿಂದ ಹೋಗತಿತ್ತಲ್ಲೋ ತಮ್ಮಾ. ಕಾಡಿನ್ಯಾಗಿದ್ದಾಗಿಂದ ಪ್ರತಿ ವರ್ಷಾ ಅಂಜತೇನಿ ನಾ. ಅಂಜದಾವ ಬೆಂಕಿ ಹಚ್ಚಬಾರದು."

ಕೆಳಗಿನಿಂದ ಸೆಕ್ರೆಟರಿಯವರು "ಬನ್ನಿ ಮಾರಾಯ್ರೇ, ಜಿಲೇಬಿ ತಣಿಯುತ್ತದೆ!" ಎಂದು ಕೂಗುತ್ತಿದ್ದರು. ತಣಿಯಲಿ ಎಂದುಕೊಂಡು, ಆ ಕೈಗಳ ನಡುಕ ನಿಲ್ಲುವವರೆಗೆ ಅವನ್ನು ಹಿಡಿದುಕೊಂಡು ಅಲ್ಲೇ ಕುಳಿತೆ.