ರುಕ್ಮಿಣಮ್ಮನ ಲಾಡ್ಜಿನ ಕಷಾಯ

ಎಲ್ಲ ಅನಾಹುತಕ್ಕೂ ಕಾರಣ ಅಶ್ವಿನ್ ಆ ಬೆಳಿಗ್ಗೆ ಸೀನಿದ ಒಂದೇ ಒಂದು ಸೀನು.

ಸಂಸೆಯ ಮಂಜಯ್ಯನವರ ಎಸ್ಟೇಟ್‌ನಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೆಲಸಕ್ಕೆ ಅಂದು ಅವನ ಪರೀಕ್ಷೆ. ಓದು ಮುಗಿದು ಎರಡು ವರ್ಷದಿಂದ ಕೆಲಸವಿಲ್ಲದ ಈ ವಿಜ್ಞಾನ ಪದವೀಧರ ತನ್ನ ನಾಲಿಗೆಯನ್ನು ಪ್ರಯೋಗಾಲಯದ ಗಾಜಿನ ಕೊಳವೆಯಂತೆ ಜೋಪಾನ ಮಾಡಿದ್ದ. ವಾರದಿಂದ ಖಾರವಿಲ್ಲ, ಉಪ್ಪಿನಕಾಯಿಯಿಲ್ಲ. ಹಲ್ಲಿಗೆ ಪೇಸ್ಟೂ ಇಲ್ಲ, ಬರೀ ಬ್ರಶ್ಶು. ದಣಿವಾಗಬಾರದೆಂದು ಹಿಂದಿನ ಸಂಜೆಯೇ ಬಂದು ಕಳಸದ ರಸ್ತೆಬದಿಯ ಹಳೆಯ ಲಾಡ್ಜಿನಲ್ಲಿ ಇಳಿದಿದ್ದ. ಆದರೆ ಆ ಲಾಡ್ಜಿನ ಕೋಣೆಗಳ ನಡುಗೋಡೆ ಹೆಂಚಿನ ಮಾಡನ್ನು ಮುಟ್ಟುತ್ತಿರಲಿಲ್ಲ. ಇಲ್ಲಿ ನಿಟ್ಟುಸಿರು ಬಿಟ್ಟರೆ ಅಡುಗೆಮನೆಗೆ ಕೇಳುತ್ತಿತ್ತು.

"ಯಾರದು ಸೀನಿದ್ದು?" ಒಡತಿ ರುಕ್ಮಿಣಮ್ಮ ಅಡುಗೆಮನೆಯಿಂದಲೇ ಕೂಗಿದರು.

"ಮೂರನೇ ರೂಮು!" ಪಕ್ಕದ ಕೋಣೆಯ ಕಾಳುಮೆಣಸಿನ ವ್ಯಾಪಾರಿ ಓಂಕಾರಮೂರ್ತಿ ಸಾಕ್ಷಿ ನುಡಿದರು.

ಬಾಗಿಲು ತೆರೆಯುವಷ್ಟರಲ್ಲಿ ರುಕ್ಮಿಣಮ್ಮನ ಲೋಟ ಎದುರಿಗಿತ್ತು. "ಮೆಣಸಿನ ಕಷಾಯ. ಗಟಗಟ ಕುಡೀರಿ."

"ಬೇಡಮ್ಮಾ, ಇವತ್ತು ನಾನು ಕಾಫಿ ರುಚಿ ನೋಡ್ಬೇಕು. ಖಾರ ತಾಗಿದ್ರೆ ನಾಲಿಗೆ ಕೆಡುತ್ತೆ."

"ಮೂಗು ಕಟ್ಕಂಡು ಎಂಥ ರುಚಿ ನೋಡ್ತೀರಿ ಮಾರಾಯ್ರೆ?"

ಈ ತರ್ಕಕ್ಕೆ ಸೋತು ಅಶ್ವಿನ್ ಲೋಟ ಕೈಗೆತ್ತಿಕೊಂಡ. ಒಂದು ಗುಟುಕು ಕುಡಿದ. ಗಂಟಲಿನಲ್ಲಿ ಹಳೆಯ ಜೀಪೊಂದು ಫಸ್ಟ್ ಗೇರಿನಲ್ಲಿ ಘಾಟಿ ಹತ್ತಿದಂತಾಗಿ ಕೆಮ್ಮಿದ. ಅಷ್ಟು ಸಾಕಾಯಿತು, ಓಂಕಾರಮೂರ್ತಿ ನೀಲಗಿರಿ ಎಣ್ಣೆಯ ಸೀಸೆ ಹಿಡಿದು ನುಗ್ಗಿದರು.

"ಇಷ್ಟು ಮೆಣಸಿಗೇ ಕೆಮ್ಮಾ? ಎದೆ ಭಾರೀ ವೀಕು ನಿಮ್ದು," ಎನ್ನುತ್ತ ಮೂಗಿನ ಎರಡೂ ಹೊಳ್ಳೆಗೆ ಸವರಿಯೇಬಿಟ್ಟರು.

ಅಶ್ವಿನ್‌ನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಅದನ್ನು ಕಂಡು ರುಕ್ಮಿಣಮ್ಮನ ಕರುಳು ಚುರುಕ್ಕೆಂದಿತು. "ಹಸಿವು ಪಾಪ, ಅಳ್ತಾ ಇದೆ ಮಗು," ಎಂದು ಕಡುಬಿಗೆ ಸೂಜಿಮೆಣಸಿನ ಚಟ್ನಿ ಮೆತ್ತಿ, ಬೇಡವೆನ್ನಲು ತೆರೆದ ಬಾಯಿಗೆ ತಾವೇ ತುತ್ತಿಟ್ಟರು.

ಬಸ್ಸಿಳಿದು ಮಂಜಯ್ಯನವರ ಮೇಜಿನ ಮುಂದೆ ಕುಳಿತಾಗ ಅವನ ಬಾಯಿ ಬಚ್ಚಲೊಲೆಯಾಗಿತ್ತು, ಮೂಗು ನೀಲಗಿರಿ ತೋಪಾಗಿತ್ತು. ಎದುರಿಗೆ ಮೂರು ಬಟ್ಟಲು ಕಾಫಿ. ಮೊದಲನೆಯದು ಹೀರಿದ: ಬಿಸಿನೀರು. ಎರಡನೆಯದು: ಬಿಸಿನೀರು. ಮೂರನೆಯದೂ ಅದೇ.

"ಹೇಳಿ, ಏನು ವ್ಯತ್ಯಾಸ?"

ಸುಳ್ಳು ಹೇಳಲೂ ಉರಿಯುವ ನಾಲಿಗೆ ಏಳಲಿಲ್ಲ. "ಮೂರೂ ಒಂದೇ ಥರ ಇದಾವೆ ಸಾರ್," ಎಂದವನೇ ಹೊರಡಲು ಬ್ಯಾಗು ಎತ್ತಿಕೊಂಡ.

ಮಂಜಯ್ಯ ಮೇಜು ಗುದ್ದಿದರು. "ಒಂದೇ ಪಾತ್ರೆಯಿಂದ ಬಗ್ಗಿಸಿದ್ದು ಕಣ್ರೀ! ಮುಂಚೆ ಬಂದವ್ರೆಲ್ಲ ಇದ್ರಲ್ಲಿ ಕಿತ್ತಳೆ ಇದೆ, ಅದ್ರಲ್ಲಿ ಚಾಕೊಲೇಟ್ ಇದೆ ಅಂತ ಕತೆ ಹೊಡೆದ್ರು. ಕೆಲಸ ನಿಮ್ದೇ! ನಾಳೆ ಹೊರದೇಶದ ಖರೀದಿದಾರರು ಬರ್ತಾರೆ. ಅವ್ರೆದುರು ಕೂತು ಒಂದೊಂದು ಬಟ್ಟಲಿನ ರುಚಿಯೂ ಬಿಡಿಸಿ ಹೇಳ್ಬೇಕು. ತಪ್ಪಿದ್ರೆ ಮಾತ್ರ ನಾಳೇನೇ ಬಸ್ಸು."

"ಹೇಳ್ತೀನಿ ಸಾರ್!" ಅಶ್ವಿನ್ ಹಿಗ್ಗಿದ. ಒಂದು ರಾತ್ರಿ ಕಳೆದರೆ ನಾಲಿಗೆ ಸರಿಹೋಗುತ್ತದೆ. "ಉಳ್ಕೊಳ್ಳೋಕೆ ಎಸ್ಟೇಟಲ್ಲೇ ಜಾಗ ಇದೆಯಾ?"

"ಅದೆಲ್ಲ ಯೋಚನೆ ಬೇಡ. ಕಳಸದ ರಸ್ತೇಲಿ ನನ್ನ ತಂಗಿ ರುಕ್ಮಿಣಿ ಲಾಡ್ಜ್ ನಡೆಸ್ತಾಳೆ. ಇನ್ಮೇಲೆ ನಿಮ್ಮ ವಾಸ, ಊಟ ಎಲ್ಲ ಅಲ್ಲೇ." ಮಂಜಯ್ಯ ಆಗಲೇ ಫೋನು ಕಿವಿಗಿಟ್ಟಿದ್ದರು.

ಗಾಬರಿಗೋ, ನೀಲಗಿರಿಯ ಘಾಟಿಗೋ, ಅಶ್ವಿನ್ ಸೀನಿದ.

ಫೋನಿನ ಆಚೆಯಿಂದ ದನಿ ಇಡೀ ಕೋಣೆಗೆ ಕೇಳಿತು: "ಯಾರಣ್ಣಾ ಸೀನಿದ್ದು, ಮೂರನೇ ರೂಮಿನವ್ರಾ? ಬೇಗ ಕಳ್ಸು, ಕಷಾಯಕ್ಕೆ ಇಟ್ಟೆ!"